ನಮ್ಮ ಬೀರುವಿನಲ್ಲಿದ್ದ ಯಾತಿಯ ಪಾಸ್‌ಪೋರ್ಟ್

ಜುಲೈ ತಿಂಗಳ ಮೊದಲ ವಾರ ನಾನು ನಮ್ಮ ಆಫೀಸಿನ ಎಚ್‌ಆರ್ ಮನುಷ್ಯನ ಮೇಲೆ ಫೋನಿನಲ್ಲಿ ಕೂಗಾಡಿದ ಪರಿಗೆ ಕೆಳಗಿನ ಫ್ಲೋರಿನ ಚೀನೀ ಅಜ್ಜಿ ಬಾಲ್ಕನಿಗೆ ಬಂದು ಕತ್ತೆತ್ತಿ ನೋಡಿದರು. ಲಾಕ್‌ಡೌನಿನಲ್ಲಿ ಅವರಿಗೂ ಒಂದು ಮನರಂಜನೆ ಬೇಕಿತ್ತು ಅನ್ನಿಸುತ್ತದೆ. ಪೂರ್ತಿ ಮುಗಿಯುವವರೆಗೂ ಒಳಗೆ ಹೋಗಲಿಲ್ಲ.

ಕೂಗಾಡಲು ಕಾರಣವಿತ್ತು. ಫೆಬ್ರವರಿಯಲ್ಲಿ ನನ್ನ ವರ್ಕ್ ಪಾಸ್ ರಿನ್ಯೂವಲ್‌ಗೆ ಅಂತ ಆಫೀಸಿನವರು ಪಾಸ್‌ಪೋರ್ಟ್ ಇಸಿದುಕೊಂಡಿದ್ದರು. ಅದು ಕೈಯಲ್ಲಿಲ್ಲದ್ದರಿಂದಲೇ ಮಾರ್ಚ್ ಮೊದಲ ವಾರ ಮೈಸೂರಿನಲ್ಲಿ ನಡೆದ ನಾದಿನಿಯ ಮದುವೆಗೆ ನಾನು ಹೋಗಲಾಗಲಿಲ್ಲ. ಗಂಡ, ಮಗಳು ಹೋದರು. ಹತ್ತು ದಿನದ ಬಟ್ಟೆ ತುಂಬಿಕೊಂಡು ಹೋದರು. ಆಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕೇ? ಎರಡೂ ದೇಶದ ಬಾಗಿಲು ಮುಚ್ಚಿತು. ಅವರು ಅಲ್ಲಿ, ನಾನು ಇಲ್ಲಿ ಮಲಯ್ ನಾಡಿನ ಪುಚೊಂಗ್‌ನ ಒಂಬತ್ತನೇ ಮಹಡಿಯಲ್ಲಿ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾರತದ ಹೈಕಮಿಷನ್ ಕಚೇರಿಯಿಂದ ಫೋನ್ ಬಂತು. ಬೆಂಗಳೂರಿಗೆ ಹೋಗುವ ವಿಶೇಷ ವಿಮಾನದಲ್ಲಿ ಒಂದು ಸೀಟಿದೆ, ಸಂಜೆಯೊಳಗೆ ಪಾಸ್‌ಪೋರ್ಟ್ ತೋರಿಸಿ ಕನ್‌ಫರ್ಮ್ ಮಾಡಬೇಕು ಎಂದರು. ನಾನು ಎಚ್‌ಆರ್‌ಗೆ ಫೋನ್ ಮಾಡಿದೆ. ಆ ಪುಣ್ಯಾತ್ಮ ಬಹಳ ತಣ್ಣಗೆ, ನಿಮ್ಮ ಪಾಸ್‌ಪೋರ್ಟ್ ಪುತ್ರಜಯಾದಲ್ಲಿ ನಮ್ಮ ಏಜೆಂಟ್ ಆಫೀಸಿನಲ್ಲಿದೆ, ಆಫೀಸು ಮುಚ್ಚಿದೆ, ಮುಂದಿನ ವಾರ ನೋಡೋಣ, ಚಿಂತೆ ಬೇಡ ಎಂದು, ಇಲ್ಲಿಯವರು ಎಲ್ಲ ಮಾತಿಗೂ ಅಂಟಿಸುವ ಆ ಲಾ ಸೇರಿಸಿ, ಸೇಫ್ ಲಾ ಎಂದ.

ಸೇಫ್ ಅಂತೆ!

"ಅದು ನನ್ನ ಪಾಸ್‌ಪೋರ್ಟ್. ನನ್ನ ಹತ್ತಿರ ಇರಬೇಕು. ಅದನ್ನ ಇಟ್ಕೊಳ್ಳೋಕೆ ನೀವ್ಯಾರು?" ಎಂದೆ. (ಇಂಗ್ಲಿಷಿನಲ್ಲಿ ಇದಕ್ಕಿಂತ ಕೆಟ್ಟದಾಗಿ ಕೇಳಿಸಿತು.) ಮಗಳನ್ನು ನೋಡಿ ನಾಲ್ಕು ತಿಂಗಳಾಯಿತು, ಅವಳ ಮುಂದಿನ ಹಲ್ಲು ಬಿದ್ದಿದೆ, ಅದನ್ನೂ ಫೋನಿನಲ್ಲೇ ನೋಡಿದ್ದೇನೆ, ಒಬ್ಬ ಮನುಷ್ಯನ ಪಾಸ್‌ಪೋರ್ಟನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಅಪರಾಧ ಅಂತೆಲ್ಲ ಹೇಳಿದೆ. ಕೊನೆಗೆ ಅತ್ತುಬಿಟ್ಟೆ. ಅವನು ಮತ್ತೆ ಸೇಫ್ ಲಾ ಎಂದ.

ಸಂಜೆಗೆ ಆ ಸೀಟು ಬೇರೆ ಯಾರಿಗೋ ಹೋಯಿತು.

ಇಷ್ಟೇ ಆಗಿದ್ದರೆ ಈ ವಾರ ಎಚ್‌ಆರ್‌ಗಳ ಜನ್ಮ ಜಾಲಾಡಬಹುದಿತ್ತು. ನಿಮಗೂ ನಿಮ್ಮ ನಿಮ್ಮ ಎಚ್‌ಆರ್ ನೆನಪಾಗಿ ಖುಷಿಯಾಗುತ್ತಿತ್ತು. ಆದರೆ ನಾನು ಕೂಗಾಡುತ್ತಿದ್ದಾಗ ಅಡುಗೆಮನೆಯಲ್ಲಿ ಯಾತಿ ಅಲಸಂದೆಕಾಯಿ ಹೆಚ್ಚುತ್ತಿದ್ದಳು. ಆ ಯಾತಿಯ ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ಜಿಪ್ ಕವರಿನಲ್ಲಿತ್ತು.

ಯಾತಿ ನಮ್ಮ ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದವಳು. ಇಂಡೊನೇಷ್ಯಾದವಳು. ವಯಸ್ಸು ನಲವತ್ತೆರಡು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನನ್ನು ಪುವಾನ್ ಅನ್ನುತ್ತಿದ್ದಳು, ಇಲ್ಲಿಯ ಭಾಷೆಯಲ್ಲಿ ಅಮ್ಮಾವ್ರೇ ಅಂದ ಹಾಗೆ. ಕ್ಲಾಂಗ್ ಬಂದರಿನಲ್ಲಿ ಹಡಗು ಹತ್ತಿದರೆ ಅವಳ ಕಡೆಯ ದಡ ಒಂದು ಹಗಲಿನ ದಾರಿ. ಎರಡು ವರ್ಷದ ಹಿಂದೆ ಅವಳನ್ನು ಮನೆಗೆ ಕರೆತಂದ ಏಜೆಂಟ್ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟ. ನೀವೇ ಇಟ್ಟುಕೊಳ್ಳಿ ಮೇಡಂ, ಇಲ್ಲದಿದ್ದರೆ ಓಡಿಹೋಗುತ್ತಾರೆ ಎಂದ. ಯಾತಿ ಪಕ್ಕದಲ್ಲೇ ನಿಂತಿದ್ದಳು. ನಾನು ಇಟ್ಟುಕೊಂಡೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಮ್ಮ ಕನ್ನಡದವರ ಮನೆಗಳಲ್ಲೂ ಅಷ್ಟೇ. ಈ ದೇಶದ ಕಾನೂನಿನಲ್ಲಿ ಅದು ತಪ್ಪು ಅಂತ ಎಲ್ಲರಿಗೂ ಗೊತ್ತು. ಆದರೂ ಹಬ್ಬಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಸಲಹೆ ಕೊಡುತ್ತಿದ್ದೆವು: ಬೀರುವಿನಲ್ಲಿಡು, ಕೀ ಮಾತ್ರ ಅಡುಗೆಮನೆಯ ಮೊಳೆಗೆ ನೇತುಹಾಕಬೇಡ. ಅವಳ ಒಳ್ಳೆಯದಕ್ಕೇ ಅಲ್ಲವೇ? ಅವಳು ಕಳೆದುಕೊಂಡರೆ ಯಾರಿಗೆ ಕಷ್ಟ? ಹೀಗೆ ಕೇಳಿಕೊಂಡರೆ ಎಂಥ ಕಳ್ಳತನವೂ ಕಾಳಜಿ ಆಗಿಬಿಡುತ್ತದೆ.

ಮೇ ತಿಂಗಳಿಗೆ ಯಾತಿಯ ಎರಡು ವರ್ಷ ಮುಗಿಯಿತು. ರಂಜಾನ್ ಮುಗಿಸಿ ಊರಿಗೆ ಹೊರಡುವುದು ಎಂದು ಮೊದಲೇ ಮಾತಾಗಿತ್ತು. ಅವಳಿಗೆ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷದ ಹುಡುಗಿ, ಬಸುರಿ. ಜುಲೈ ಕೊನೆಗೆ ದಿನ ತುಂಬುತ್ತದೆ. ಊರಿಗೆ ಹೋಗುವ ಇಂಡೊನೇಷ್ಯಾದವರಿಗೆ ಹಡಗುಗಳು ಆಗಲೂ ಓಡುತ್ತಿದ್ದವು. ಬೇಕಿದ್ದದ್ದು ಅವಳ ಪಾಸ್‌ಪೋರ್ಟ್, ಜೊತೆಗೆ ನನ್ನದೊಂದು ಪತ್ರ.

ನಾನು ಆ ಪತ್ರ ಬರೆಯಲಿಲ್ಲ. ಕೊರೊನಾ ಕಡಿಮೆಯಾಗಲಿ ಯಾತಿ, ಹಡಗಿನಲ್ಲಿ ಜನ ಜಾಸ್ತಿ, ದಾರಿಯಲ್ಲಿ ಏನಾದರೂ ಅಂಟಿಸಿಕೊಂಡು ಬಸುರಿ ಮಗಳಿಗೆ ಕೊಟ್ಟರೆ ಏನು ಗತಿ ಎಂದೆ. ಪಾಪ, ಅದಕ್ಕೆ ಅವಳು ಏನು ಹೇಳಿಯಾಳು? ಹೌದು ಪುವಾನ್ ಎಂದಳು.

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಒಬ್ಬಳೇ ಇರುವ ಭಯ. ನಮ್ಮ ಬಾಲ್ಕನಿಯಿಂದ ಎಲ್‌ಆರ್‌ಟಿ ರೈಲಿನ ಹಳಿ ಕಾಣುತ್ತದೆ. ಆಗ ಖಾಲಿ ರೈಲುಗಳು ಸುಮ್ಮನೆ ಹೋಗುತ್ತಿದ್ದವು, ಬರುತ್ತಿದ್ದವು. ನಾನು ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಜೊತೆ ಮಾತಾಡಿ, ಆಮೇಲೆ ಮಗಳಿಗೆ ಫೋನ್ ಮಾಡಿದರೆ ಅವಳು, "ಅಮ್ಮಾ, ಐ ಆಮ್ ಫೈನ್, ಕ್ಯಾನ್ ಐ ಗೋ ನೌ?" ಅನ್ನುತ್ತಿದ್ದಳು. ಅಲ್ಲಿ ಅವಳಿಗೆ ಆಡಲು ದೊಡ್ಡತ್ತೆಯ ಮಕ್ಕಳಿದ್ದರು. ಇಲ್ಲಿ ನನಗೆ ಇದ್ದವಳು ಯಾತಿ.

ಮೊದಲೆಲ್ಲ ಅವಳು ನಮ್ಮ ಊಟ ಮುಗಿದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದಳು. ಏಪ್ರಿಲ್‌ನಿಂದ ಟೇಬಲ್ಲಿಗೆ ಕರೆದೆ. ನನ್ನ ಮುರುಕಲು ಮಲಯ್, ಅವಳ ಮುರುಕಲು ಇಂಗ್ಲಿಷ್. ಅವಳು ನಮ್ಮ ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತು ಅನ್ನುವಷ್ಟು ಸಲಿಗೆ ಬೆಳೆಯಿತು. ನಾನು ಎಷ್ಟು ದೊಡ್ಡ ಮನಸ್ಸಿನವಳು ಅಂತ ನನಗೇ ಹೆಮ್ಮೆಯಾಗಿತ್ತು. ಅವಳಿಗೆ ಕುರ್ಚಿ ಕೊಟ್ಟದ್ದು ಎದುರಿನ ಕುರ್ಚಿ ಖಾಲಿ ಇರುವುದನ್ನು ನೋಡಲಾರದೆ ಅನ್ನುವುದು ಆಗ ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಇದೇ ಅಂಕಣದಲ್ಲಿ ನಾನು ಏನು ಬರೆದಿದ್ದೆ, ನೆನಪಿದೆಯೇ? ನಮ್ಮ ದೇಶದ ಹೆದ್ದಾರಿಗಳಲ್ಲಿ ಗಂಟುಮೂಟೆ ಹೊತ್ತು ಊರಿಗೆ ನಡೆದ ಕೂಲಿಯವರ ಬಗ್ಗೆ. ಊರಿಗೆ ಹೋಗುವ ಹಕ್ಕನ್ನು ಕಿತ್ತುಕೊಳ್ಳಲು ಯಾರಿಗೆ ಅಧಿಕಾರವಿದೆ ಅಂತ ಗುಡುಗಿದ್ದೆ. ನಿಮ್ಮಲ್ಲಿ ಹಲವರು ಕಣ್ಣೀರು ಬಂತು ಅಂತ ಮೇಲ್ ಮಾಡಿದ್ದಿರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಆ ಸಾಲಿಗೆ ಇನ್ನು ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಯಾತಿ ನೇರವಾಗಿ ಯಾವತ್ತೂ ಕೇಳುವವಳಲ್ಲ. ಮೇ ಕೊನೆಯಲ್ಲಿ ಒಂದು ದಿನ, ಈ ಸೆಕೆಗೆ ಬೀರುವಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಪುವಾನ್, ನನ್ನ ಪಾಸ್‌ಪೋರ್ಟ್ ಹೇಗಿದೆಯೋ ಎಂದಳು. ಕವರಿನಲ್ಲಿದೆ, ಏನೂ ಆಗಿಲ್ಲ ಎಂದೆ.

ಜೂನ್‌ನಲ್ಲಿ ಇನ್ನೊಮ್ಮೆ, ಅದರ ಮೇಲಿನ ಕೊನೆಯ ತಾರೀಖು ಯಾವುದು, ಮರೆತುಹೋಗಿದೆ ಎಂದಳು. ತೆಗೆದು ಅವಳ ಕೈಗೇ ಕೊಟ್ಟೆ. ತನ್ನ ಫೋಟೋ ನೋಡಿಕೊಂಡಳು. ಒಂದೊಂದೇ ಹಾಳೆ ತಿರುವಿದಳು, ದುಪಟ್ಟಾದ ತುದಿಯಿಂದ ಒರೆಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬೀರುವಿನ ಬಾಗಿಲು ತೆರೆದೇ ಇತ್ತು. ಅವಳು ಅತ್ತ ನೋಡಿದಳು, ನನ್ನ ಮುಖ ನೋಡಿದಳು, ಎರಡೂ ಕೈಯಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟಳು. ನಾನು ಇಸಿದುಕೊಂಡೆ.

ಅದಾದ ವಾರಕ್ಕೆ, ಹಡಗು ಹತ್ತಲು ಬಂದರಿನಲ್ಲಿ ಏನೇನು ತೋರಿಸಬೇಕಾಗುತ್ತದೆ ಅಂತ ಕೇಳಿದಳು. ಮಾಸ್ಕ್ ಕಡ್ಡಾಯ ಎಂದೆ.

ಇಷ್ಟಾದ ಮೇಲೆ ಬಂತು ಆ ಎಚ್‌ಆರ್ ಫೋನು. ಫೋನಿಟ್ಟು ನಾನು ಸೋಫಾದ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದೆ. ಯಾತಿ ಟೀ ತಂದಿಟ್ಟಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಇಂಗ್ಲಿಷ್ ಅವಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಒಂದು ಮಾತು ಚುಚ್ಚುತ್ತಾಳೆ ಅಂದುಕೊಂಡೆ. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ನನ್ನ ಪಕ್ಕ, ನೆಲದ ಮೇಲೆ ಕೂತಳು. "ಪುವಾನ್‌ಗೂ ಹಂಗೇನಾ?" ಎಂದಳು. ಟೀ ಲೋಟವನ್ನು ನನ್ನ ಕಡೆ ಸರಿಸಿ, "ಅಳಬೇಡಿ. ನಿಮ್ಮ ಬಾಸ್ ಕೆಟ್ಟವನಿರಲಿಕ್ಕಿಲ್ಲ. ನೀವು ಹೋದ್ರೆ ವಾಪಸ್ ಬರಲ್ಲ ಅಂತ ಹೆದರಿಕೆ ಇರಬೇಕು ಅವನಿಗೆ" ಎಂದಳು.

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಸಮಾಧಾನ ಮಾಡುತ್ತಿದ್ದಳು. ಟೀ ಆರುತ್ತದೆ ಕುಡಿಯಿರಿ ಎಂದು ಎದ್ದು ಹೋದಳು.

ಅವತ್ತೇ ಬೀರು ತೆಗೆದು ಕೊಟ್ಟುಬಿಟ್ಟೆ ಅಂತ ಬರೆಯಲು ಬಹಳ ಆಸೆಯಾಗುತ್ತಿದೆ. ಕೊಡಲಿಲ್ಲ. ಇನ್ನೂ ಎಂಟು ದಿನ ಕೊಡಲಿಲ್ಲ. ನನ್ನ ವಿಮಾನ ಹೋಗಿತ್ತು, ಮುಂದಿನದು ಯಾವಾಗಲೋ ಗೊತ್ತಿಲ್ಲ, ಇವಳೂ ಹೋದರೆ ಈ ಮನೆಯಲ್ಲಿ ನಾನೊಬ್ಬಳೇ. ಸುಬಾಂಗ್ ಜಯಾದಲ್ಲಿರುವ ಗೆಳತಿ ರೂಪಾಳನ್ನು ಕೇಳಿದೆ. ಹುಚ್ಚಾ ನಿನಗೆ, ಬಾರ್ಡರ್ ಮುಚ್ಚಿದೆ, ಇವಳು ಹೋದರೆ ಇನ್ನೊಬ್ಬಳು ಸಿಗುವುದಿಲ್ಲ ಎಂದಳು. ನನಗೆ ಬೇಕಿದ್ದದ್ದು ಅದೇ ಉತ್ತರ. ಅದಕ್ಕೇ ಅವಳನ್ನು ಕೇಳಿದ್ದು.

ಯಾತಿ ಆಮೇಲೆ ಮಾತಿನಲ್ಲಿ ಏನೂ ಕೇಳಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಬಾಲ್ಕನಿಯ ತಂತಿಯ ಮೇಲೆ ಅಂಗೈಯಗಲದ ಬಟ್ಟೆಗಳು ಒಣಗುತ್ತಿದ್ದವು. ಟೋಪಿ, ಕಾಲುಚೀಲ, ನನ್ನ ಹಳೇ ಕಾಟನ್ ಸೀರೆ ಹರಿದು ಹೊಲಿದ ಲಂಗೋಟಿಗಳು. ಬ್ಯಾಗಿನಲ್ಲಿ ಕಟ್ಟಿಟ್ಟು ಕಟ್ಟಿಟ್ಟು ವಾಸನೆ ಬಂದಿತ್ತಂತೆ, ಮತ್ತೆ ಒಗೆದು ಹಾಕಿದ್ದಳು.

ಅಷ್ಟರಲ್ಲಿ ಮೈಸೂರಿನಿಂದ ನನ್ನ ಅಮ್ಮ ವೀಡಿಯೊ ಕಾಲ್ ಮಾಡಿದರು. ಅಮ್ಮ ಏಳು ವರ್ಷದ ಹಿಂದೆ ನನ್ನ ಬಾಣಂತನಕ್ಕೆ ಇದೇ ಮನೆಗೆ ಬಂದಿದ್ದವರು. ಮೊದಲ ಸಲ ವಿಮಾನ ಹತ್ತಿ, ಬಾಣಂತಿ ಖಾರದ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಹೆರಿಗೆ ಕೋಣೆಯ ಹೊರಗೆ ಅವರಿದ್ದಾರೆ ಅನ್ನುವ ಒಂದೇ ಧೈರ್ಯದ ಮೇಲೆ ನಾನು ಹೆತ್ತದ್ದು. ತಂತಿಯ ಮೇಲಿದ್ದ ಬಟ್ಟೆ ನೋಡಿ ಯಾರದು ಎಂದು ಕೇಳಿದರು. ಹೇಳಿದೆ. ಎಷ್ಟು ತಿಂಗಳು ಎಂದರು. ಒಂಬತ್ತಕ್ಕೆ ಬಿದ್ದು ಆಗಲೇ ಹತ್ತು ದಿನವಾಯಿತು ಎಂದೆ.

"ಮತ್ತೆ ಇವಳ್ಯಾಕೆ ಇನ್ನೂ ಅಲ್ಲೇ ಇದಾಳೆ?"

ಸಿಗ್ನಲ್ ಸರಿಯಿಲ್ಲ ಅಂತ ಫೋನಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಬೀರು ತೆಗೆದು, ಪಾಸ್‌ಪೋರ್ಟ್ ತಗೊಂಡು ಅಡುಗೆಮನೆಗೆ ಹೋಗಿ ಕೊಟ್ಟೆ. ಪತ್ರವನ್ನು ಈಗಲೇ ಬರೆಯುತ್ತೇನೆ ಎಂದೆ. ಯಾತಿ ಕುಣಿಯಲಿಲ್ಲ, ಅಳಲಿಲ್ಲ. ತೆರಿಮಾ ಕಾಸಿ, ಅಂದರೆ ಉಪಕಾರವಾಯಿತು, ಎಂದಳು. ಪಲ್ಯ ತಳ ಹಿಡಿಯುತ್ತಿತ್ತು. ಒಂದು ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸೌಟು ಆಡಿಸಿದಳು. ಊಟ ಮುಗಿಯುವವರೆಗೂ ಅದನ್ನು ಕೆಳಗಿಡಲಿಲ್ಲ.

ಏಜೆಂಟು, ಟೆಸ್ಟು, ಹಡಗಿನ ಟಿಕೆಟು ಎಂದು ಇನ್ನೂ ಒಂಬತ್ತು ದಿನ ಹಿಡಿಯಿತು. ಕ್ಲಾಂಗ್ ಬಂದರಿಗೆ ನಾನೇ ಕಾರಿನಲ್ಲಿ ಬಿಟ್ಟು ಬಂದೆ. ಗೇಟಿನಲ್ಲಿ ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಳ್ಳಲು ಹೋದಳು. ಮುಟ್ಟಬಾರದು ಅಂತ ಅಲ್ಲಿಯ ಸಿಬ್ಬಂದಿ ಗದರಿದರು. ದೂರದಿಂದಲೇ ತಲೆಯಾಡಿಸಿ ಒಳಗೆ ಹೋದಳು. ಮನೆಗೆ ಬಂದು ಅಭ್ಯಾಸಬಲದಿಂದ ಎರಡು ಲೋಟ ಅಕ್ಕಿ ಹಾಕಿದೆ. ಆ ಅನ್ನ ಮೂರು ದಿನ ಉಂಡೆ.

ದಡ ಮುಟ್ಟಿದವರನ್ನು ಅಲ್ಲಿಯೇ ಒಂದು ಶಾಲೆಯಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್ ಇಟ್ಟರು. ಆರನೇ ದಿನ ಊರಲ್ಲಿ ಮಗಳಿಗೆ ನೋವು ಶುರುವಾಯಿತು. ಕಷ್ಟದ ಹೆರಿಗೆಯಂತೆ. ಎರಡು ದಿನ ಅಮ್ಮಾ ಅಮ್ಮಾ ಅಂತ ಕೂಗಿದಳಂತೆ. ಯಾತಿ ಶಾಲೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಕೇಳಿಸಿಕೊಂಡಳಂತೆ. ಮಗಳು ಉಳಿದಳು, ಕೂಸೂ ಉಳಿಯಿತು. ಅದು ಅವರ ಪುಣ್ಯ, ನನ್ನದಲ್ಲ. ಮೇ ತಿಂಗಳಲ್ಲೇ ಕೊಟ್ಟಿದ್ದರೆ ಯಾತಿ ಆ ಹೊತ್ತಿಗೆ ಮಗಳ ತಲೆ ನೇವರಿಸುತ್ತಿದ್ದಳು. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ನಾನು ಇನ್ನೂ ಇಲ್ಲೇ ಇದ್ದೇನೆ. ಇಲ್ಲಿಯವರು ನನ್ನಂಥವರನ್ನು ಎಕ್ಸ್‌ಪ್ಯಾಟ್ ಅನ್ನುತ್ತಾರೆ, ಯಾತಿಯಂಥವರನ್ನು ಫಾರಿನ್ ವರ್ಕರ್ ಅನ್ನುತ್ತಾರೆ. ಇಬ್ಬರೂ ಸಮುದ್ರ ದಾಟಿ ಬಂದವರೇ. ನನ್ನ ಪಾಸ್‌ಪೋರ್ಟ್ ತಡವಾದಾಗ ನಾನು ಕೂಗಾಡಬಹುದಿತ್ತು. ಅವಳು ಯಾರ ಮೇಲೆ ಕೂಗಾಡಬೇಕಿತ್ತು? ಅವಳ ದೂರು ಕೇಳಬೇಕಾದವಳೂ ನಾನೇ, ಅವಳಿಗೆ ಊಟ ಬಡಿಸುತ್ತಿದ್ದವಳೂ ನಾನೇ. ಹಕ್ಕು ಅಂತ ದೊಡ್ಡ ದೊಡ್ಡ ವೇದಿಕೆಗಳ ಮೇಲೆ ಮಾತಾಡುತ್ತೇವಲ್ಲ, ಅದು ಕಳೆದುಹೋಗುವುದು ಇಂಥ ಸಭ್ಯರ ಮನೆಗಳಲ್ಲೇ.

ಕಳೆದ ಭಾನುವಾರ ಯಾತಿ ವೀಡಿಯೊ ಕಾಲ್ ಮಾಡಿದ್ದಳು. ಕೂಸಿನ ತಲೆತುಂಬ ಕೂದಲು. ಹಿಂದೆ ಅಕ್ಕಪಕ್ಕದ ಮನೆಯ ಹೆಂಗಸರು ಫೋನಿಗೆ ಇಣುಕುತ್ತಿದ್ದರು. ಯಾತಿ ನನ್ನನ್ನು ಅವರಿಗೆ ಪರಿಚಯ ಮಾಡಿಸಿದಳು. ಬೇರೆ ಮನೆಗಳಲ್ಲಿ ಕಾಲಿಗೆ ಬಿದ್ದರೂ ಪಾಸ್‌ಪೋರ್ಟ್ ಕೊಡುವುದಿಲ್ಲ, ನಮ್ಮ ಪುವಾನ್ ಬಹಳ ಒಳ್ಳೆಯವರು, ನಾನು ಬಾಯಿ ಬಿಟ್ಟು ಕೇಳುವ ಮೊದಲೇ ತಾವಾಗಿ ತಂದುಕೊಟ್ಟರು ಅಂತ ಹೇಳಿದಳು. ಆ ಹೆಂಗಸರೆಲ್ಲ ನನಗೆ ಕೈ ಬೀಸಿದರು. ನಾನೂ ಬೀಸಿದೆ.

ಯಾತಿ ನಾಲ್ಕು ಸಲ ಕೇಳಿದ್ದಳು, ಮೂರು ಸಲ ಮಾತಿನಲ್ಲಿ, ಒಂದು ಸಲ ತಂತಿಯ ಮೇಲೆ ಒಣಹಾಕಿದ ಬಟ್ಟೆಯಲ್ಲಿ. ನಾಲ್ಕೂ ಸಲ ನನಗೆ ಅರ್ಥವಾಗಿತ್ತು.