ಸದ್ದು ಅಳೆಯಲು ಹೋದವಳಿಗೆ ಸಿಕ್ಕ ಮರ್ಯಾದೆ

ಸ್ನೇಹಿತರೇ, ಇವತ್ತು ಬನಹಟ್ಟಿಯ ಒಂದು ಇಡೀ ಓಣಿ ನನಗೋಸ್ಕರ ಸುಮ್ಮನಾಯಿತು. ನಾನು ಹೋಗಿದ್ದದ್ದು ಅಲ್ಲಿನ ಸದ್ದು ಅಳೆಯಲು.

ಒಬ್ಬ ವಿಜ್ಞಾನಿ, ಒಬ್ಬ ಶಿಕ್ಷಕ ಜೋಡಿಯಾಗಿ ಶಾಲೆಯ ಮಕ್ಕಳಿಂದ ನಿಜವಾದ ಸಂಶೋಧನೆ ಮಾಡಿಸುವ ಯೋಜನೆ ಇದು. ವಿಜ್ಞಾನಿ ನಾನು, ಶಿಕ್ಷಕರು ಮಲ್ಲಪ್ಪ ಮಾಸ್ತರು. ಸುತ್ತಲಿನ ಪವರ್‌ಲೂಮ್‌ಗಳ ಸದ್ದಿನಲ್ಲಿ ಏಳನೇ ತರಗತಿಗೆ ಪಾಠ ಎಷ್ಟು ಕೇಳಿಸುತ್ತದೆ ಎಂಬುದು ಮಕ್ಕಳ ಪ್ರಶ್ನೆ. ಎರವಲು ತಂದ, ಸದ್ದು ಅಳೆಯುವ ಮೀಟರು ಇವತ್ತೊಂದೇ ದಿನ ನಮ್ಮ ಕೈಯಲ್ಲಿತ್ತು.

ಹೋಗಿ ನೋಡಿದರೆ ಒಂದು ಮಗ್ಗವೂ ಓಡುತ್ತಿಲ್ಲ. ಮಾಸ್ತರು ಮನೆಮನೆಗೆ ಹೋಗಿ ನಿಲ್ಲಿಸಿದ್ದರು.

“ದೊಡ್ಡ ವಿಜ್ಞಾನಿ ಬರಾಕತ್ತಾರ, ಸ್ವಲ್ಪ ಬಂದ್ ಮಾಡ್ರಿ ಅಂತ ಹೇಳೇನ್ರಿ.”

“ಸರ್, ನಮಗೆ ಗದ್ದಲವೇ ಬೇಕಿತ್ತಲ್ಲ?”

“ಖರೆ ಐತ್ರಿ. ಆದ್ರ ನಿಮ್ಮ ಮುಂದ ಹೆಂಗ ಗದ್ದಲ ಮಾಡಸ್ಲಿರಿ?”

ಮಕ್ಕಳು ಮೀಟರು ಹಿಡಿದು ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರು. ಪಕ್ಕದ ಮನೆಯಲ್ಲಿ ಮಗ್ಗ ನಡೆಸುವ ಶಂಕ್ರವ್ವನನ್ನು, ಮಗ್ಗ ಶುರು ಮಾಡಿ ಎಂದು ನಾನೇ ಹೋಗಿ ಕೇಳಿಕೊಂಡೆ.

“ಮೊದ್ಲ ಚಾ ಕುಡೀರಿ ಅಕ್ಕಾರ. ನೀವು ಹೋದ ಮ್ಯಾಲೆ ಚಾಲೂ ಮಾಡ್ತೇವಿ. ಬಂದವ್ರ ಮುಂದ ಮಗ್ಗ ಬಡದ್ರ ನಮಗೇನ್ ಅಂತಾರ ಮಂದಿ?”

ಇವರಿಗೆ ವಿಜ್ಞಾನ ತಿಳಿಸಿಕೊಡಬೇಕೋ, ಇವರ ಮರ್ಯಾದೆ ಉಳಿಸಬೇಕೋ, ನನಗೇ ಗೊತ್ತಾಗಲಿಲ್ಲ. ಮೀಟರನ್ನು ಮಕ್ಕಳಿಗೇ ಬಿಟ್ಟು, ಚಹಾ ಕುಡಿದು ಆಟೊ ಹತ್ತಿದೆ. ಓಣಿಯ ತಿರುವು ದಾಟುವಷ್ಟರಲ್ಲಿ ತರಗತಿಯಿಂದ ಮಾಸ್ತರ ಫೋನ್ ಬಂತು. ಅವರು ಏನೋ ಕೂಗುತ್ತಿದ್ದರು. ಮಗ್ಗಗಳ ಖಟಖಟದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಮಕ್ಕಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದಕ್ಕೆ ವಿಜ್ಞಾನಿ ಜಾಗ ಖಾಲಿ ಮಾಡಬೇಕಾಯಿತು, ಅಷ್ಟೇ.