ಔಷಧಿಗೆ ಕೊಸರಿಲ್ಲ

ಜೋಳ ಅಳೆಯುವಾಗ ನಾನು ಇವತ್ತಿಗೂ ‘ಒಂದು’ ಎನ್ನುವುದಿಲ್ಲ. ಮೊದಲ ಸೇರಿಗೆ ‘ಲಾಭ’ ಎನ್ನುತ್ತೇನೆ, ಆಮೇಲೆ ಎರಡು, ಮೂರು. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಎಲ್ಲರೂ ಹೀಗೆಯೇ ಅಳೆಯುತ್ತಿದ್ದರು. ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಬೇಕು, ಅದು ಕೊಸರು. ಕೊಸರು ಹಾಕದವರ ಕೈ ಸಣ್ಣದು ಎಂದು ಲೆಕ್ಕ. ಹೀಗೆ ಲಾಭದಿಂದ ಶುರುವಾಗಿ ಕೊಸರಿನಲ್ಲಿ ಮುಗಿಯುವ ಗಣಿತ ಮುಂಬೈಯ ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಇನ್ನೂ ನಡೆದಿದೆ. ‘ದಾದಿಗೆ ಒಂದು ಬರೋದೇ ಇಲ್ಲ, ಡೈರೆಕ್ಟ್ ಎರಡು’ ಎಂದು ಮೊಮ್ಮಕ್ಕಳು ನೀವು ಈ ಅಜ್ಜಿಯನ್ನು ನೋಡಿ ನಗುತ್ತೀರಿ. ನಗಿರಿ. ಆದರೆ ಇದೇ ಗಣಿತ ನಿಮ್ಮ ಅಕ್ಕ ನಸ್ರೀನಳನ್ನು ಒಂದು ಸಲ ಪರೀಕ್ಷೆಯಲ್ಲಿ ಬೀಳಿಸಿತು ಎಂಬುದು ನಿಮಗೆ ಗೊತ್ತಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವಾಗ ನೀವು ತಡವರಿಸಿದರೆ ನಿಮ್ಮ ಅಬ್ಬಾ ಓದಿ ಹೇಳಲಿ.

ನಸ್ರೀನಳಿಗೆ ನರ್ಸ್ ಆಗಬೇಕೆಂಬ ಆಸೆ. ಆಸ್ಪತ್ರೆಯೊಂದರ ನರ್ಸಿಂಗ್ ಶಾಲೆಗೆ ಸೇರಲು ಪ್ರವೇಶ ಪರೀಕ್ಷೆ ಬರೆದಳು. ಉಳಿದೆಲ್ಲ ಚೆನ್ನಾಗಿಯೇ ಮಾಡಿ ಸಣ್ಣ ಸಣ್ಣ ಲೆಕ್ಕಗಳಲ್ಲಿ ಬಿದ್ದಳು. ಇನ್ನೊಮ್ಮೆ ಬರೆಯುತ್ತೇನೆ ಎಂದಾಗ ನಿಮ್ಮ ಅಬ್ಬಾ ಒಪ್ಪಿದ, ಆದರೆ ಗೆರೆ ಎಳೆದುಬಿಟ್ಟ. “ಇದs ಆಖರಿ. ಈ ಸಲಾನೂ ಆಗ್ಲಿಲ್ಲಂದ್ರ ಪವಾಯಿ ಆಫೀಸಿನ್ಯಾಗ ರಿಸೆಪ್ಷನ್ ಕೆಲಸ ಐತಿ, ಸುಮ್ನ ಹೋಗಿ ಕುಂದರು.” ಹುಡುಗಿ ಅಭ್ಯಾಸದ ಪುಸ್ತಕ ತಂದು ದಿನಾ ಮಧ್ಯಾಹ್ನ ನನ್ನ ಪಕ್ಕದಲ್ಲಿ ಕೂರತೊಡಗಿದಳು.

ನನ್ನ ಪಕ್ಕದಲ್ಲೇ ಏಕೆಂದರೆ ಮನೆಯಲ್ಲಿ ಕಿಟಕಿಯ ಗಾಳಿ ಬರುವುದು ಅಲ್ಲಿ ಮಾತ್ರ. ನಾನು ಏಳನೆಯ ಇಯತ್ತೆವರೆಗೆ ಕಲಿತವಳು. ನಲವತ್ತು ವರ್ಷ ಮುಂಬೈಯಲ್ಲಿದ್ದರೂ ಟಿಕೆಟ್ ಕಿಟಕಿಯಲ್ಲಿ ಸ್ಟೇಷನ್ನಿನ ಹೆಸರು ಹೇಳಲು ನನಗೆ ಧೈರ್ಯವಿರಲಿಲ್ಲ, ಎಲ್ಲವನ್ನೂ ನನ್ನ ಯಜಮಾನರು, ನಿಮ್ಮ ದಾದಾನೇ ಹೇಳುತ್ತಿದ್ದರು. ಅಂಥ ನಾನು ಪಾಠ ಹೇಳುವ ಮಾತೆಲ್ಲಿ? ಆದರೆ ಒಂದು ದಿನ ಅವಳು ಓದಿದ ಲೆಕ್ಕ ಕೇಳಿ ತಡೆಯಲಾಗಲಿಲ್ಲ. ಆರು ಹೆಂಗಸರು ಅರವತ್ತು ರೊಟ್ಟಿಯನ್ನು ಒಂದು ಗಂಟೆಯಲ್ಲಿ ಮಾಡಿದರೆ ಅಷ್ಟೇ ರೊಟ್ಟಿಗೆ ಹನ್ನೆರಡು ಹೆಂಗಸರಿಗೆ ಎಷ್ಟು ಹೊತ್ತು ಬೇಕು?

“ಒಲಿ ಎಷ್ಟ ಅದಾವು?” ಎಂದೆ.

“ದಾದಿ, ಒಲಿ ಕೊಟ್ಟಿಲ್ಲ ಪುಸ್ತಕದಾಗ.”

“ಮತ್ತ ರೊಟ್ಟಿ ಹೆಂಗ ಬೇಯ್ತಾವು? ಹನ್ನೆರಡ ಮಂದಿ ಹೆಂಗಸರು ಒಂದ ಒಲಿ ಮುಂದ ಕುಂತ್ರ ಎರಡ ತಾಸು ಬೇಕ ಬಿಡು. ಮಾತs ಮುಗಿಯೂದಿಲ್ಲ.”

ಪುಸ್ತಕದ ಹಿಂದೆ ‘ಅರ್ಧ ಗಂಟೆ’ ಎಂದು ಉತ್ತರವಿತ್ತು. ಪುಸ್ತಕ ಬರೆದವರು ರೊಟ್ಟಿ ತಿಂದಿರಬಹುದು, ತಟ್ಟಿಲ್ಲ.

ಅವಳ ನಿಜವಾದ ತೊಡಕು ಆಮೇಲೆ ಕಾಣಿಸಿತು. “ಪಾಯಿಂಟ್ ಬಂತಂದ್ರ ನನ್ನ ದಿಮಾಗ್ ಬಂದ್ ಆಗ್ತೈತಿ ದಾದಿ” ಎನ್ನುತ್ತಿದ್ದಳು. ಸೊನ್ನೆ ಪಾಯಿಂಟ್ ಏಳು ಐದು ಎಂಬುದು ಅವಳಿಗೆ ಭೂತ. ನಾನು ನೋಡಿದರೆ ಅದು ನಮ್ಮ ಮುಕ್ಕಾಲು! ಊರ ಶಾಲೆಯಲ್ಲಿ ಮಾಸ್ತರರು ನಮಗೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹಾಡಿಸುತ್ತಿದ್ದರು. ಎಂಟು ಮುಕ್ಕಾಲು ಆರು, ಒಂಬತ್ತು ಮುಕ್ಕಾಲು ಆರೂಮುಕ್ಕಾಲು, ಹತ್ತು ಮುಕ್ಕಾಲು ಏಳೂವರೆ. ಇದರಿಂದ ಯಾರಿಗೆ ಏನು ಉಪಯೋಗ ಎಂದು ಆಗ ಬೈದುಕೊಂಡಿದ್ದೆ. ಐವತ್ತು ವರ್ಷದ ಮೇಲೆ, ಕೆಳಗೆ ಹಾರ್ಬರ್ ಲೈನಿನ ಲೋಕಲ್ ರೈಲು ಸದ್ದು ಮಾಡುತ್ತ ಹೋಗುವಾಗ, ನಾನೂ ನಸ್ರೀನಳೂ ಅದೇ ಮಗ್ಗಿ ಹಾಡಿದೆವು. ಆ ಮಾಸ್ತರರಿಗೆ ಅವತ್ತು ಮನಸ್ಸಿನಲ್ಲೇ ಸಲಾಮು ಹೇಳಿದೆ. ಪಾಯಿಂಟಿನ ಭೂತ ಒಂದೇ ತಿಂಗಳಲ್ಲಿ ಇಳಿಯಿತು.

ಆದರೂ ಉತ್ತರಗಳು ತಪ್ಪುತ್ತಿದ್ದವು. ಒಂದು ಮಿಲಿ ಔಷಧಿಯಲ್ಲಿ ಇಪ್ಪತ್ತು ಮಿಲಿಗ್ರಾಂ ಇದ್ದರೆ ನೂರೈವತ್ತು ಮಿಲಿಗ್ರಾಂ ಕೊಡಲು ಎಷ್ಟು ಮಿಲಿ ಬೇಕು? ಪಕ್ಕದಲ್ಲಿ ಏಳೂವರೆ ಎಂದು ಸರಿಯಾಗಿಯೇ ಲೆಕ್ಕ ಹಾಕಿದ್ದಳು. ಉತ್ತರದ ಜಾಗದಲ್ಲಿ ಎಂಟು ಎಂದು ಬರೆದಿದ್ದಳು. ಹಿಂದಿನ ಪುಟ ತಿರುವಿದೆ. ಹನ್ನೆರಡೂಕಾಲು ಬಂದಲ್ಲಿ ಹದಿಮೂರು, ಮೂರೂವರೆ ಬಂದಲ್ಲಿ ನಾಲ್ಕು.

“ಇದ್ಯಾಕ ಹಿಂಗ?”

“ಥೋಡಾ ಜಾಸ್ತಿ ಇರ್ಲಿ ಅಂತ. ಹೋದ ಸಲಾನೂ ಹಂಗs ಬರ್ದಿದ್ದೆ. ನೀವs ಹೇಳ್ತೀರಲ್ಲ, ಕಮ್ಮಿ ಆಗಬಾರ್ದು, ಕೊಸರ ಹಾಕಂತ. ಅರ್ಧಾ ಎಂಎಲ್ ಹೆಚ್ಚಿಗಿ ಹೋದ್ರ ಏನಾಗ್ತೈತಿ ದಾದಿ?”

 ಏನಾಗುತ್ತದೆ ಎಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ನಿಮ್ಮ ದಾದಾ ಫೋರ್ಟ್ ಪೇಟೆಯಲ್ಲಿ ಟೇಲರ್ ಆಗಿದ್ದರಲ್ಲ, ಅವರೂ ಕೊಸರಿನ ಮನುಷ್ಯರೇ. ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದರು, ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು. ಅವರು ಆಪರೇಷನ್ ಆಗಿ ಮನೆಗೆ ಬಂದಾಗ ನೋವಿನ ಔಷಧಿ ಕುಡಿಸುವ ಕೆಲಸ ನನ್ನದು. ಅಳತೆ ಏಳೂವರೆ ಮಿಲಿ. ನಾನು ಪ್ರತಿ ಸಲ ಅದರ ಮೇಲೆ ಒಂದಿಷ್ಟು ಹಾಕುತ್ತಿದ್ದೆ. ನೋಯುವ ಜೀವಕ್ಕೆ ಅಳೆದು ಸುರಿಯಲು ಕೈ ಬರಲಿಲ್ಲ. ಒಂದು ವಾರದಲ್ಲಿ ಅವರು ಊಟದ ತಟ್ಟೆಯ ಮುಂದೆಯೇ ತೂಕಡಿಸತೊಡಗಿದರು. ಒಂದು ಮಧ್ಯಾಹ್ನ ಕರೆದರೆ ಕಣ್ಣೇ ತೆರೆಯಲಿಲ್ಲ.

ಅಷ್ಟರಲ್ಲಿ ಗಾಯಕ್ಕೆ ಪಟ್ಟಿ ಬದಲಿಸುವ ಸಿಸ್ಟರ್ ಬಂದರು. ನಾಡಿ ಹಿಡಿದರು, ಔಷಧಿಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಹತ್ತು ದಿನ ಬರಬೇಕಾದದ್ದು ಎಂಟೇ ದಿನಕ್ಕೆ ತಳ ಕಂಡಿತ್ತು. ಮನಸ್ಸಿನಲ್ಲೇ ಲೆಕ್ಕ ಮುಗಿಸಿ ನನ್ನ ಮುಖ ನೋಡಿದರು. ಡಾಕ್ಟರಿಗೆ ಫೋನ್ ಮಾಡಿ, ದಾದಾ ಕಣ್ಣು ಬಿಟ್ಟು ಚಹಾ ಕೇಳುವವರೆಗೂ ಪಕ್ಕದಲ್ಲೇ ಕೂತರು. ನನ್ನನ್ನು ಬೈಯಲಿಲ್ಲ. ಕೆಲಸದಿಂದ ಬಂದ ಮಗನ ಮುಂದೆ ನನ್ನ ಹೆಸರನ್ನೂ ತೆಗೆಯಲಿಲ್ಲ. ಹೋಗುವ ಮುಂಚೆ ಔಷಧಿಯ ಲೋಟಕ್ಕೆ ಏಳೂವರೆಯ ಗೆರೆಯ ಮೇಲೆ ಬಿಳಿ ಪಟ್ಟಿಯ ಚೂರು ಅಂಟಿಸಿ, “ಅಮ್ಮಾ, ದವಾ ಇಧರ್ ತಕ್. ಪ್ಯಾರ್ ಬಾದ್ ಮೇ” ಎಂದರು. ಔಷಧಿ ಇಲ್ಲಿಯವರೆಗೆ, ಪ್ರೀತಿ ಆಮೇಲೆ. ದಾದಾ ಆಮೇಲೆ ಎರಡು ಮಳೆಗಾಲ ನಮ್ಮೊಂದಿಗಿದ್ದರು. ಆ ಎರಡು ಮಳೆಗಾಲವನ್ನು ನಾನು ಆ ಸಿಸ್ಟರಿನ ಋಣವೆಂದೇ ತಿಳಿದಿದ್ದೇನೆ.

ಯಾರಿಗೂ ಹೇಳದಿದ್ದ ಇದನ್ನು ನಸ್ರೀನಳಿಗೆ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಪುಸ್ತಕ ನೋಡುತ್ತಿದ್ದೆ. ಅವಳು ರಬ್ಬರ್ ತೆಗೆದುಕೊಂಡು ಎಂಟು ಅಳಿಸಿ ಏಳೂವರೆ ಬರೆದಳು. ಆಮೇಲೆ ಹಿಂದಿನ ಪುಟಕ್ಕೆ ಹೋಗಿ ಹದಿಮೂರು ಅಳಿಸಿದಳು. ಹೀಗೆ ಸಂಜೆಯ ನಮಾಜಿನ ಹೊತ್ತಿನವರೆಗೂ ಕೂತು ಪುಸ್ತಕದ ಕೊಸರನ್ನೆಲ್ಲ ತೆಗೆದಳು. ಆ ಸಲ ಪಾಸಾದಳು. ಫಲಿತಾಂಶ ನೋಡಿ ನಿಮ್ಮ ಅಬ್ಬಾ ಪವಾಯಿಯ ಮಾತೇ ಎತ್ತದೆ ಮಿಠಾಯಿ ತರಲು ಇಳಿದುಹೋದ.

ಈಗ ಅವಳಿಗೆ ಎರಡನೆಯ ವರ್ಷ. ಹೋದ ವಾರ ನನಗೆ ಕೆಮ್ಮು ಬಂದಾಗ ಔಷಧಿಯ ಲೋಟವನ್ನು ಕಣ್ಣಿನ ನೇರಕ್ಕೆ ಹಿಡಿದು ಸುರಿದಳು. ಗೆರೆಗೆ ಬಂದದ್ದೇ ಬಾಟಲಿ ನೆಟ್ಟಗೆ.

“ಇನ್ನೆರಡ ಹನಿ ಹಾಕ ಬೇಟಾ, ಕೆಮ್ಮ ಭಾಳ ಐತಿ” ಎಂದೆ, ಪರೀಕ್ಷೆ ಮಾಡೋಣವೆಂದು.

“ಚುಪ್ ದಾದಿ. ಬಾಯಿ ತೆರೀರಿ.”

ಕುಡಿದೆ, ಕಹಿಗೆ ಮುಖ ಕಿವುಚಿದೆ. ಅವಳು ಒಳಗೆ ಹೋಗಿ ಸಿಹಿ ಶಿರಾದ ಪಾತ್ರೆ ತಂದು ನನ್ನ ಮುಂದೆ ಕೂತಳು. ದೊಡ್ಡ ಚಮಚದಲ್ಲಿ ನನ್ನ ತಟ್ಟೆಗೆ ಹಾಕತೊಡಗಿದಳು. ಕನ್ನಡ ಓದಲು ತಡವರಿಸುವ ಹುಡುಗಿ ಮೆಲ್ಲಗೆ ಎಣಿಸುತ್ತಿದ್ದಳು.

“ಲಾಭ... ಎರಡು... ಮೂರು...”

ಸಾಕೆಂದು ಕೈ ಅಡ್ಡ ಹಿಡಿದೆ. ಕೈ ಸರಿಸಿ ಇನ್ನೊಂದು ಚಮಚ ಹಾಕಿದಳು.