ಬಿಲ್ಲೆಗೆ ಮೂರು ಕೋಟು

ಬಣ್ಣವಿಲ್ಲದ ವಸ್ತು ಕಂಡರೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ಗುರುಸಿದ್ದಪ್ಪನವರಿಗೆ ಮೈಮೇಲೆ ಬಟ್ಟೆಯಿಲ್ಲದವರನ್ನು ಕಂಡಷ್ಟು ಸಂಕೋಚ. ರಕ್ಷಣಾ ಕಾರ್ಖಾನೆಯೊಂದರ ಪೇಂಟ್ ವಿಭಾಗದಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬೈಲಹೊಂಗಲದಿಂದ ಬರುವಾಗ ತಂದ ಟ್ರಂಕಿಗೆ ಎಷ್ಟು ಸಲ ಬಳಿದಿದ್ದರೆಂದರೆ, ಈಗ ಅದರ ಮುಚ್ಚಳವೇ ಹಾಕಲು ಬರುವುದಿಲ್ಲ. ಗೇಟು, ತುಳಸಿಕಟ್ಟೆ, ನೀರಿನ ನಲ್ಲಿ ಎಲ್ಲ ಮುಗಿದ ಮೇಲೆ ಒಮ್ಮೆ ಹೆಂಡತಿಯ ರೊಟ್ಟಿ ಹಂಚಿನ ಹಿಡಿಕೆಗೂ ಬೆಳ್ಳಿ ಬಣ್ಣ ಹೊಡೆದರು. ಆ ವಾರವೆಲ್ಲ ಮನೆಯ ರೊಟ್ಟಿಗೆ ಟರ್ಪೆಂಟೈನ್ ವಾಸನೆ.

“ನಾ ಒಂದ ಕಡೆ ಸುಮ್ನ ಕೂತ್ರ ನನಗೂ ಒಂದು ಕೋಟು ಹೊಡೀತೀರಿ ನೀವು,” ಎನ್ನುತ್ತಿದ್ದರು ಕಮಲಾಕ್ಷಿ.

ನಿವೃತ್ತಿಯ ಮೇಲೆ ಇಂಥವರನ್ನು ಮನೆಯಲ್ಲಿಟ್ಟುಕೊಳ್ಳುವುದು ಸುಲಭವೇ? ಊರಾಚೆಯ ಕೆರೆಯಲ್ಲಿ ಪ್ರವಾಸಿಗರ ಬೋಟು ಓಡಿಸುವ ಖಾಸಗಿ ಕಂಪನಿಯೊಂದು ಇವರನ್ನು ಕರೆಯಿತು. ಬೋಟಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕೆಲಸ. ಕಮಲಾಕ್ಷಿ ಆ ದಿನ ದೇವರಿಗೆ ಎರಡು ಕಾಯಿ ಒಡೆದರು.

ಅಲ್ಲಿ ಬೋಟಿನ ತಳದ ಪಾಚಿ ಕೆರೆಯುವವಳು ಲಿಂಗಸುಗೂರು ಕಡೆಯ ಬಂಡೆಮ್ಮ. ಗಂಡ ಸತ್ತ ಮೇಲೆ ಇದೇ ಕೂಲಿಯಲ್ಲಿ ಮಗಳನ್ನು ಓದಿಸುತ್ತಿದ್ದಳು. ಕೆರೆಯುವುದು, ಉಜ್ಜುವುದು, ತೊಳೆಯುವುದು ಅವಳದು. ಬ್ರಶ್ಶು ಮಾತ್ರ ಗುರುಸಿದ್ದಪ್ಪನವರದು.

“ಬ್ರಶ್ಶು ಅಂದ್ರ ಪೂಜಿ ಇದ್ದಂಗ, ಬಂಡೆವ್ವ. ಕಂಡಕಂಡವ್ರು ಮುಟ್ಟೂದಲ್ಲ.”

ಆ ವರ್ಷ ದೊಡ್ಡದೊಂದು ಹೊಸ ಬೋಟು ಬಂತು. ಹಿಂಭಾಗದಲ್ಲಿ ನೀರು ತಳ್ಳುವ ಕಂಚಿನ ಪಂಖ, ಥಳಥಳ. ಅದರ ಪಕ್ಕದಲ್ಲೇ ಬೂದಿ ಬಣ್ಣದ ಸತುವಿನ ಬಿಲ್ಲೆಯೊಂದನ್ನು ಬೋಲ್ಟು ಹಾಕಿ ಕೂರಿಸಿದ್ದರು. ಗುರುಸಿದ್ದಪ್ಪನವರು ಬಗ್ಗಿ ನೋಡಿದರು. ಮದುವೆ ಮನೆಯ ಬಾಗಿಲಲ್ಲಿ ಇಂಥ ಕೊಳಕು ಮುದ್ದೆಯೇ? ಕನ್ನಡಕ ತೆಗೆದು ಜೇಬಿಗಿಟ್ಟರು. ಬಣ್ಣದ ಕೆಲಸದಲ್ಲಿ ಅವರು ಕಣ್ಣನ್ನು ನಂಬುವವರಲ್ಲ, ಹೆಬ್ಬೆರಳನ್ನು ನಂಬುವವರು. ಸವರಿದರೆ ಬಿಲ್ಲೆಯ ಮೇಲೆ ತಗ್ಗು ತಗ್ಗು.

“ಏನೋ ಬರದಾರ ನೋಡ್ರಿ, ಸಾಹೇಬ್ರ,” ಎಂದಳು ಬಂಡೆಮ್ಮ.

“ಕಂಪನಿ ಹೆಸರಿರ್ತೈತಿ ಬಿಡು. ತಗ್ಗಿನ್ಯಾಗ ನೀರು ನಿಂತ್ರ ಕೊರೀತೈತಿ.”

ಅಕ್ಷರಗಳಿಗೆಲ್ಲ ನೀಟಾಗಿ ಪುಟ್ಟಿ ತುಂಬಿದರು. ಉಜ್ಜಿದರು. ಮೇಲೆ ಮೂರು ಕೋಟು ನೀಲಿ ಬಣ್ಣ. ಆಹಾ, ಮುಖ ನೋಡಿಕೊಳ್ಳಬಹುದಿತ್ತು!

ಮಳೆಗಾಲ ಕಳೆಯುವಷ್ಟರಲ್ಲಿ ಬೋಟು ಲಟಾರಿ ಆಟೋದಂತೆ ನಡುಗತೊಡಗಿತು. ದಡಕ್ಕೆಳೆದು ನೋಡಿದರೆ ಪಂಖದ ಅಂಚು ಇಲಿ ಕಡಿದ ರೊಟ್ಟಿಯಂತಾಗಿದೆ. ಬಿಲ್ಲೆ ಮಾತ್ರ ಮದುಮಗನಂತೆ ಮಿಂಚುತ್ತಿದೆ. ವಿಶಾಖಪಟ್ಟಣದಿಂದ ಬಂದ ಮೆಕ್ಯಾನಿಕ್ ಅದನ್ನು ಬಿಚ್ಚಿ, ಒಂದು ಮೂಲೆಯನ್ನು ಚಾಕುವಿನಿಂದ ಕೆರೆದ. ಪುಟ್ಟಿ ಉದುರಿತು. ಒಳಗಿನಿಂದ ಇಂಗ್ಲಿಷ್ ಅಕ್ಷರಗಳು ಮೂಡಿದವು: ‘ಬಣ್ಣ ಬಳಿಯಬಾರದು.’

ಸಂಗತಿ ಇಷ್ಟೇ. ನೀರು ಲೋಹವನ್ನು ತಿಂದೇ ತಿನ್ನುತ್ತದೆ. ಪಂಖದ ಬದಲು ತನ್ನನ್ನು ತಿನ್ನಲಿ ಎಂದೇ ಆ ಬಿಲ್ಲೆ ಅಲ್ಲಿ ಕೂತಿರುವುದು. ಬಣ್ಣ ಹೊಡೆದು ಅದರ ಬಾಯಿ ಕಟ್ಟಿದರೆ ಪಂಖ ಬಲಿ.

ಮಾಲೀಕರು ಕೆಂಡವಾದರು. ಆದರೆ ಇಷ್ಟು ದಡ್ಡ ಕೆಲಸವನ್ನು ಫೋರ್‌ಮನ್ ಸಾಹೇಬರು ಮಾಡಿಯಾರೇ? ಛೆ! ಅವರ ಕಣ್ಣು ನೇರ ಬಂಡೆಮ್ಮನ ಮೇಲೆ ಬಿತ್ತು. ನಾಳೆಯಿಂದ ಬರಬೇಡ ಎಂದು ಹಿಂದಿಯಲ್ಲಿ ಹೇಳಿಯೇಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ನಾ ಬ್ರಶ್ ಮುಟ್ಟಿಲ್ರಿ, ಯಪ್ಪಾ,” ಎಂದು ಬಂಡೆಮ್ಮ ಗುರುಸಿದ್ದಪ್ಪನವರತ್ತ ನೋಡಿದಳು.

ಅವರು ತಮ್ಮ ಚಪ್ಪಲಿಯನ್ನು ಭಾರೀ ಆಸಕ್ತಿಯಿಂದ ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಕಲಿತ ಪಾಠವದು: ತಪ್ಪು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ನಡುವೆ ಕೈ ಅಡ್ಡ ಹಿಡಿಯಬಾರದು.

ಮಾಲೀಕರು ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ. ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತ, ಬಳಿದದ್ದಾದರೂ ಹೇಗೆ, ಪೊರಕೆಯಲ್ಲಿ ಬಳಿದ ಹಾಗಿದೆ ಎಂದರು.

“ಪೊರಕೆ?” ಗುರುಸಿದ್ದಪ್ಪನವರ ತಲೆ ಮೇಲೆದ್ದಿತು. ಸಿಟ್ಟಿನಲ್ಲಿ ಹಿಂದಿ ಮರೆತು ಕನ್ನಡದಲ್ಲೇ ಗುಡುಗಿದರು. “ಇದು ಪೊರಕಿ ಕೆಲಸ ಏನ್ರಿ? ಒಂದು ಗೆರಿ ತೋರಸ್ರಿ! ಒಂದು ಗುಳ್ಳಿ ತೋರಸ್ರಿ! ಮೂರು ಕೋಟು, ನಡುನಡುವ ಉಜ್ಜಿ, ಈ ಕೈಲೇ ಹೊಡದೀನಿ!”

ಮಾಲೀಕರಿಗೆ ಕನ್ನಡ ಬಾರದು. ಆದರೆ ಎದೆ ತಟ್ಟಿಕೊಂಡ ಕೈ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಸಂಜೆಯೊಳಗೆ ಗುರುಸಿದ್ದಪ್ಪನವರ ನೌಕರಿ ಹೋಯಿತು, ಬಂಡೆಮ್ಮನದು ಉಳಿಯಿತು.

ಬಡ ಹೆಂಗಸಿಗಾಗಿ ತಾವು ನೌಕರಿಯನ್ನೇ ತ್ಯಾಗ ಮಾಡಿದ ಕತೆಯನ್ನು ಅವರು ಓಣಿಯವರಿಗೆಲ್ಲ ಹೇಳಿ ಮುಗಿಸಿದ್ದರು. ಅಷ್ಟರಲ್ಲಿ ಭಾನುವಾರ ಬಂಡೆಮ್ಮನೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮನೆಗೆ ಬಂದಳು. ಗುರುಸಿದ್ದಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ನಿನ್ನ ಸಲುವಾಗಿ ನೌಕರಿ ಹೋದ್ರೂ ನನಗ ಬ್ಯಾಸರಿಲ್ಲ ಬಂಡೆವ್ವ. ಮನುಷ್ಯಾ ಅಂದಮ್ಯಾಲ...”

“ಸಾಹೇಬ್ರ,” ಎಂದಳು ಬಂಡೆಮ್ಮ, ಗಂಟು ಬಿಚ್ಚುತ್ತ. “ಅವತ್ತು ನೀವು ಒದರಿದ ಕನ್ನಡ ಅಲ್ಲಿ ತಿಳದದ್ದು ನನಗ ಒಬ್ಬಾಕಿಗೇ.”

ಗುರುಸಿದ್ದಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಕಮಲಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

“ನೀವು ಚಪ್ಪಲಿ ನೋಡ್ಕೋತ ನಿಂತಿದ್ದೂ ನೋಡೀನ್ರಿ,” ಎಂದು ಬಂಡೆಮ್ಮ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವರ ಮುಂದಿಟ್ಟಳು. “ಹೆಂಗರ ಆಗಲಿ, ನನ್ನ ಕೂಲಿ ಉಳೀತು. ತಣ್ಣಗಾಗ್ತಾವ, ತಿನ್ರಿ.”